ಮುಚ್ಚಳದ ಒಳಮೈಗೆ ಅಂಟಿಸಿದ ಕಾಗದ

ತಿರುಮಕೂಡಲು ನರಸೀಪುರದ ನಮ್ಮ ಸೋದರಮಾವನವರ ಮನೆಯ ಉಗ್ರಾಣದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಗೋಣಿತಾಟು ಹೊದ್ದು ಕುಳಿತಿದ್ದ ಕಪ್ಪು ಬಿಳುಪಿನ ದೂರದರ್ಶನ ಯಂತ್ರವೊಂದನ್ನು, ಮಾವನವರು ಕಾಲವಾದ ತರುವಾಯ ಮನೆಯವರು ಗುಜರಿಯವನ ಗಾಡಿಗೆ ಏರಿಸಲು ಸಿದ್ಧರಾಗಿದ್ದ ದಿವಸ, ನಾನು ಬೇಡಿ ಪಡೆದು ನಂಜನಗೂಡಿನ ನನ್ನ ಮನೆಗೆ ತಂದೆನು. ಇಕ್ಕೆಲಕ್ಕೆ ಸರಿಯುವ ಮರದ ಷಟರು, ಅದಕ್ಕೊಂದು ಬೀಗ, ಕೆಳಗೆ ನಾಲ್ಕು ಕಾಲು. ಬೆಂಗಳೂರು ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು ಆರಂಭವಾದ ಸಂಭ್ರಮದಲ್ಲಿ ಅಲ್ಲಿಯ ನಂಟರೊಬ್ಬರು ಕೊಂಡಿದ್ದು, ಅವರ ಮನೆಗೆ ಬಣ್ಣದ್ದು ಬಂದಾಗ ಮಾವನವರ ಕೈಸೇರಿದ್ದು. 1987ರ ಭಾನುವಾರಗಳ ಬೆಳಿಗ್ಗೆ ರಾಮಾಯಣದ ಹೊತ್ತಿಗೆ ಬೀದಿಗೆ ಬೀದಿಯೇ ಆ ಪಡಸಾಲೆಯಲ್ಲಿ ನೆರೆಯುತ್ತಿದ್ದುದನ್ನೂ, ಮಾವನವರು ಬೀಗ ತೆಗೆದು ಷಟರನ್ನು ಸರಿಸುವಾಗ ಗರ್ಭಗುಡಿಯ ತೆರೆ ಸರಿದಂತೆ ಮಕ್ಕಳೆಲ್ಲ ಸದ್ದಡಗಿ ಕೂರುತ್ತಿದ್ದುದನ್ನೂ ನಾನು ಕಂಡವನು.

ಆದರೆ ಈ ಲೇಖನಕ್ಕೆ ನಿಮಿತ್ತವಾದ ವಸ್ತು ಇದ್ದುದು ಆ ಯಂತ್ರದ ಬೆನ್ನಿನಲ್ಲಿ. ಹಿಂಬದಿಯ ಮುಚ್ಚಳದ ತಿರುಪುಗಳನ್ನು ಬಿಚ್ಚಲಾಗಿ, ಅದರ ಒಳಮೈಗೆ ಅಂಟಿಸಿದ್ದ, ಹಳದಿಗೆ ತಿರುಗಿ ಒಂದು ಅಂಚನ್ನು ಜಿರಲೆ ತಿಂದಿದ್ದ ಕಾಗದವೊಂದು ಕಾಣಿಸಿತು. ಅದು ಆ ಯಂತ್ರದ ಸಮಗ್ರ ಸರ್ಕ್ಯೂಟ್ ನಕ್ಷೆ: ಯಾವ ವಾಲ್ವು ಎಲ್ಲಿದೆ, ಯಾವ ಕಂಡೆನ್ಸರಿನ ಮೌಲ್ಯವೆಷ್ಟು, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರತಕ್ಕದ್ದು ಎಂಬುದೆಲ್ಲವೂ ಅದರಲ್ಲಿ ಅಚ್ಚಾಗಿದ್ದವು. ಅಂಚಿನಲ್ಲಿ ಯಾರೋ ಮೆಕ್ಯಾನಿಕ್ಕರು ಪೆನ್ಸಿಲಿನಿಂದ ‘ಕಂ. ಬದಲು, 12-3-88’ ಎಂದು ಗುರುತು ಹಾಕಿದ್ದರು.

ನಾನು ವೃತ್ತಿಯಿಂದ ಮೆಕ್ಯಾನಿಕ್ಕನಲ್ಲ. ಆದುದರಿಂದ, ಒಂದು ಕಾಲದಲ್ಲಿ ದೇವಸ್ಥಾನದ ಕಡೆಯ ಬೀದಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದು ಈಗ ಎಪ್ಪತ್ತು ಮೀರಿದ ಹಿರಿಯರೊಬ್ಬರನ್ನು ಆಶ್ರಯಿಸಿದೆನು. ಅವರು ಮೊದಲು ಕಲಿಸಿದ್ದು ರಿಪೇರಿಯನ್ನಲ್ಲ, ಭಯವನ್ನು. ಪಿಕ್ಚರ್ ಟ್ಯೂಬಿಗೆ ಹೋಗುವ ವಿದ್ಯುತ್ತು 15,000 ವೋಲ್ಟಿಗೂ ಮಿಗಿಲು. ಸ್ವಿಚ್ಚು ಆರಿಸಿದ ಮೇಲೂ ಅದು ಗಾಜಿನ ಬುರುಡೆಯಲ್ಲಿ ಹೊಂಚಿ ಕುಳಿತಿರುತ್ತದೆ. ಅಲ್ಲದೆ ಇಂಥ ಯಂತ್ರಗಳಲ್ಲಿ ಷಾಸಿಯ ಲೋಹವೇ ಮೇನ್ಸಿಗೆ ನೇರ ಸೇರಿರುವುದುಂಟು. “ಒಂದು ಕೈ ಬೆನ್ನ ಹಿಂದಕ್ಕಿಟ್ಕೊಳ್ಳಿ ಸ್ವಾಮಿ, ಎರಡು ಕೈ ಒಟ್ಟಿಗೆ ಒಳಗೆ ಹಾಕ್ಬೇಡಿ” ಎಂದು ಅವರು ಹೇಳಿದ ಮಾತನ್ನು ನಾನು ಇಂದಿಗೂ ವ್ರತದಂತೆ ಪಾಲಿಸುತ್ತಿದ್ದೇನೆ.

ಯಂತ್ರವನ್ನು ನೇರವಾಗಿ ಪ್ಲಗ್ಗಿಗೆ ಹಾಕದೆ 100 ವ್ಯಾಟಿನ ಸೀರೀಸ್ ಬಲ್ಬಿನ ಮೂಲಕ ಕೊಟ್ಟು ನೋಡಿದಾಗ ಬಲ್ಬು ಪೂರ್ಣ ಪ್ರಕಾಶದಿಂದ ಉರಿಯಿತು. ಒಳಗೆಲ್ಲೋ ಷಾರ್ಟ್ ಇದೆಯೆಂದು ಅದರ ಅರ್ಥ. ಕೆಟ್ಟು ಷಾರ್ಟಾಗಿದ್ದ ಫಿಲ್ಟರ್ ಕಂಡೆನ್ಸರುಗಳನ್ನು ಬದಲಿಸಿದೆವು. ಅನಂತರವೂ ವಾಲ್ವುಗಳು ಹೊತ್ತಲಿಲ್ಲ. ಅವುಗಳ ತಂತುಗಳನ್ನೆಲ್ಲ ಜಾತ್ರೆಯ ಸರದೀಪಗಳಂತೆ ಒಂದೇ ಸರದಲ್ಲಿ ಪೋಣಿಸಿರುವುದರಿಂದ ಒಂದು ಕಡಿದರೆ ಎಲ್ಲವೂ ಕತ್ತಲು. ಕಡಿದದ್ದನ್ನು ಪತ್ತೆಮಾಡಿ, ಹಿರಿಯರು ತಮ್ಮ ಟ್ರಂಕಿನಿಂದ ತೆಗೆದುಕೊಟ್ಟ ವಾಲ್ವನ್ನು ಕೂರಿಸಲು, ಕೆಂಪಗೆ ಒಂದೊಂದೇ ಕಣ್ಣು ತೆರೆದವು. ಧೂಳು ಸುಡುವ ವಾಸನೆ ಎದ್ದಿತು. ಪರದೆಯ ನಡುಮಧ್ಯದಲ್ಲಿ ಅಡ್ಡಲಾಗಿ ಒಂದೇ ಒಂದು ಬಿಳಿಯ ಗೆರೆ ಮೂಡಿತು.

ಆ ಗೆರೆಯ ರಹಸ್ಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಪರದೆಯ ಮೇಲೆ ಚಿತ್ರ ಬರೆಯುವುದು ಎಲೆಕ್ಟ್ರಾನುಗಳ ಒಂದು ಕಿರಣ. ಅದು ಸೆಕೆಂಡಿಗೆ 15,625 ಬಾರಿ ಎಡದಿಂದ ಬಲಕ್ಕೆ ಹಾಯುತ್ತ, 50 ಬಾರಿ ಮೇಲಿನಿಂದ ಕೆಳಕ್ಕೆ ಇಳಿಯುತ್ತ, 625 ಗೆರೆಗಳ ಚಿತ್ರವೊಂದನ್ನು ನೇಯುತ್ತದೆ. ಮೇಲಿನಿಂದ ಕೆಳಕ್ಕೆ ಒಯ್ಯುವ ವಿಭಾಗ ನಿಂತುಹೋದರೆ ಆ ಗೆರೆಗಳೆಲ್ಲವೂ ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಾಗುತ್ತವೆ. ಬೆಳಕನ್ನು ಕೂಡಲೇ ತಗ್ಗಿಸದಿದ್ದರೆ ಅದು ಪರದೆಯ ಲೇಪವನ್ನೇ ಸುಟ್ಟುಬಿಡುತ್ತದೆ. ಹಾಗೆ ತಗ್ಗಿಸಿ, ಕಾಗದವನ್ನು ಮುಂದಿಟ್ಟುಕೊಂಡು, ಆ ಕೆಲಸಕ್ಕೆ ನೇಮಕವಾಗಿದ್ದ ಪಿ.ಸಿ.ಎಲ್. 805 ವಾಲ್ವಿನ ಕಾಲುಗಳನ್ನು ಒಂದೊಂದಾಗಿ ಅಳೆಯುತ್ತ ಹೋದೆವು. 200 ವೋಲ್ಟಿನ ಆಸುಪಾಸು ಇರಬೇಕೆಂದು ಅಚ್ಚಾಗಿದ್ದ ಕಡೆ ಮೀಟರಿನ ಮುಳ್ಳು ಅಲುಗಲೇ ಇಲ್ಲ. ಅಲ್ಲಿಂದ ಎರಡು ಬೆರಳು ಆಚೆ, ಟ್ರಾನ್ಸ್‌ಫಾರ್ಮರಿನ ತುದಿಯಲ್ಲಿ, ಅಷ್ಟೂ ವೋಲ್ಟೇಜು ಇತ್ತು. ಭೂತಗನ್ನಡಿ ಹಿಡಿದು ನೋಡಲಾಗಿ, ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ವಾಲ್ವು ಕೂರುವ ಸಾಕೆಟ್ಟಿನ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಉಂಗುರಾಕಾರದ ಬಿರುಕು ಬಿಟ್ಟಿತ್ತು. ಗುಂಜಾ ನರಸಿಂಹಸ್ವಾಮಿಯ ಸನ್ನಿಧಾನದಿಂದಾಗಿ ನರಸೀಪುರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ನಮ್ಮ ಹಿರಿಯರು ಹೇಳುತ್ತಾರೆ; ಆ ಊರಿನಿಂದ ಬಂದ ಯಂತ್ರಕ್ಕೆ ಕೊನೆಯಲ್ಲಿ ಬೇಕಾಗಿದ್ದುದು ಒಂದು ಗುಲಗಂಜಿಯಷ್ಟು ಲೆಡ್ಡು ಮಾತ್ರ.

ಆ ಬಿರುಕನ್ನು ತೋರಿಸಿಕೊಟ್ಟದ್ದು ಮೀಟರೆಂದು ನಾನು ಒಪ್ಪೆನು, ತೋರಿಸಿಕೊಟ್ಟದ್ದು ಕಾಗದ. ಎಷ್ಟಿರಬೇಕೆಂಬುದು ತಿಳಿಯದವನಿಗೆ ಎಷ್ಟಿದೆಯೆಂಬ ಅಳತೆಯಿಂದ ಪ್ರಯೋಜನವೇನು? ಇಂದು ಅಂಗಡಿಯಿಂದ ತರುವ ಯಾವ ದೂರದರ್ಶನ ಯಂತ್ರದ ಬೆನ್ನಿನಲ್ಲಾದರೂ ಅಂಥ ಕಾಗದ ದೊರೆಯುವುದೇ? ಎರಡು ವರ್ಷ ಕಳೆದು ಚಿತ್ರ ನಿಂತಿತೆಂದರೆ “ಬೋರ್ಡು ಹೋಗಿದೆ, ಹೊಸದೇ ತಗೊಳ್ಳೋದು ವಾಸಿ” ಎಂಬುದು ಸಿದ್ಧವಾದ ಉತ್ತರ. ನಕ್ಷೆಯನ್ನು ಕೊಟ್ಟರೆ ಜನ ಒಳಗೆ ಕೈಹಾಕಿ ಅಪಾಯ ತಂದುಕೊಂಡಾರು ಎಂದು ತಯಾರಕರ ಪರವಾಗಿ ವಾದಿಸುವವರಿದ್ದಾರೆ. 15,000 ವೋಲ್ಟಿನ ಯಂತ್ರವನ್ನು ಮಾರಿದವರು ನಕ್ಷೆಯನ್ನು ಮುಚ್ಚಳಕ್ಕೇ ಅಂಟಿಸಿಕೊಟ್ಟಿದ್ದರು, ಇಂದಿನ ಎಲ್.ಇ.ಡಿ. ಯಂತ್ರದಲ್ಲಿ ಅಂಥ ವೋಲ್ಟೇಜು ಎಲ್ಲಿಯೂ ಇಲ್ಲ. ವ್ಯಾಪಾರದ ಗುಟ್ಟೆಂಬ ಮಾತೂ ನಿಲ್ಲತಕ್ಕದ್ದಲ್ಲ. ಪ್ರತಿಸ್ಪರ್ಧಿಯಾದವನು ಒಂದನ್ನು ಕೊಂಡು ಬಿಚ್ಚಿ ನೋಡುವುದನ್ನು ತಡೆಯುವವರಾರು? ಗುಟ್ಟು ಉಳಿಯುವುದು ಬಡಪಾಯಿ ಮೆಕ್ಯಾನಿಕ್ಕನಿಂದಲೂ ಕೊಂಡವನಿಂದಲೂ ಮಾತ್ರ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ವಿಚಾರವಾಗಿ ಸಮಿತಿಯೊಂದನ್ನು ರಚಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೂ ತೆರೆಯಿತು. ಸ್ತುತ್ಯವಾದ ಕಾರ್ಯವೇ ಸರಿ. ಆದರೆ ನಕ್ಷೆಯನ್ನೂ ವೋಲ್ಟೇಜಿನ ಪಟ್ಟಿಯನ್ನೂ ಯಂತ್ರದ ಜೊತೆಯಲ್ಲೇ ಕೊಡಬೇಕೆಂಬುದು ತಯಾರಕರ ಔದಾರ್ಯಕ್ಕೆ ಬಿಟ್ಟ ವಿಷಯವಾಗಿರದೆ ಶಾಸನವೇ ಆಗಬೇಕು. ಜೊತೆಗೆ ನಮ್ಮ ತಾಲ್ಲೂಕುಗಳ ಐ.ಟಿ.ಐ. ವಿದ್ಯಾರ್ಥಿಗಳನ್ನು ಉಳಿದಿರುವ ಹಳೆಯ ಮೆಕ್ಯಾನಿಕ್ಕರ ಬಳಿ ತಿಂಗಳೊಪ್ಪತ್ತು ಕೂರಿಸಬೇಕು. ಆ ಹಿರಿಯರಿಗೆ ಗೌರವಧನ ಕೊಟ್ಟರೆ ಬೊಕ್ಕಸವೇನೂ ಬರಿದಾಗದು. ವೃತ್ತಿಯವನಲ್ಲದವನ ಕೈಗೆ ವಿದ್ಯೆ ಸಿಕ್ಕಿದರೆ ಏನಾದೀತೆಂಬುದನ್ನು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿದ, ಇಂದು ದೇಶಕ್ಕೆಲ್ಲ ಪರಿಚಿತವಾದ ‘ಆಕಾಶವಾಣಿ’ ಎಂಬ ಹೆಸರನ್ನು ಅದಕ್ಕೆ ಇಟ್ಟುಕೊಂಡಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು.

ದೂರದರ್ಶನದ ಹಳೆಯ ಅನಲಾಗ್ ಪ್ರಸಾರವು ಆಯಕಟ್ಟಿನ ಜಾಗಗಳ ಕೆಲವು ಕೇಂದ್ರಗಳ ಹೊರತು 2022ರ ಮಾರ್ಚ್ ವೇಳೆಗೆ ನಿಂತುಹೋಗಿರುವುದರಿಂದ, ಈ ಯಂತ್ರಕ್ಕೆ ಆಕಾಶದಿಂದ ಇನ್ನು ಏನೂ ಇಳಿದುಬರುವುದಿಲ್ಲ. ಸೆಟ್ ಟಾಪ್ ಬಾಕ್ಸಿನ ಚಿತ್ರವನ್ನು ಮಾಡ್ಯುಲೇಟರಿನ ಮೂಲಕ ಆಂಟೆನಾದ ತಿರುಪುಗಳಿಗೆ ಕೊಟ್ಟಿದ್ದೇನೆ. ಯಂತ್ರ ಈಗ ಮತ್ತೆ ನರಸೀಪುರದ ಪಡಸಾಲೆಯಲ್ಲಿದೆ. ಅತ್ತೆಯವರು ಬೀಗದ ಕೈಯನ್ನು ಇಷ್ಟು ವರ್ಷ ದೇವರ ಕೋಣೆಯ ಮೊಳೆಯಲ್ಲಿ ತೂಗುಹಾಕಿದ್ದರೆಂಬುದು ನನಗೆ ಅಂದೇ ತಿಳಿದದ್ದು. ಮುಚ್ಚಳವನ್ನು ಹಾಕುವ ಮುನ್ನ ಕಾಗದದ ಅಂಚಿನಲ್ಲಿ, 88ರ ಆ ಗುರುತಿನ ಕೆಳಗೆ, ಬಿರುಕು ಬಿಟ್ಟ ಕಾಲಿನ ಸಂಖ್ಯೆಯನ್ನೂ ದಿನಾಂಕವನ್ನೂ ಪೆನ್ಸಿಲಿನಿಂದ ಬರೆದೆನು. ಇನ್ನೂ ನಾಲ್ಕಾರು ಸಾಲಿಗೆ ಅಲ್ಲಿ ಜಾಗವಿದೆ.