ಅಂಗಳದ ಲಾನ್‌ಗೆ ನೀರು: ಮೊದಲು ಬಾವಿ ನೋಡಿ, ಆಮೇಲೆ ಪೈಪ್ ಹಿಡಿಯಿರಿ

ಈ ವಾರ ಅಡಿಕೆ ಬಿಟ್ಟು ಹುಲ್ಲಿನ ಬಗ್ಗೆ ಬರೀತಿದ್ದೇನೆ. ಯಾಕೆಂದರೆ ಈಗೀಗ ನನ್ನ ವಾಟ್ಸಾಪ್‌ಗೆ ಕೊಳೆರೋಗ, ಎಲೆಚುಕ್ಕಿಯ ಫೋಟೋಗಳ ಜೊತೆ ಹಳದಿಗಟ್ಟಿದ ಲಾನ್ ಫೋಟೋಗಳೂ ಬರ್ತಿವೆ. ಬೆಂಗಳೂರಲ್ಲಿ ಹೋಟೆಲ್ ಮಾಡಿ ಊರಲ್ಲಿ ಮನೆ ಕಟ್ಟಿಸಿದವರು, ಹೋಮ್‌ಸ್ಟೇ ಶುರು ಮಾಡಿದ ಹುಡುಗರು, ಎಲ್ಲರಿಗೂ ಮನೆ ಎದುರು ಹಸಿರು ಬೇಕು. ಪ್ರಶ್ನೆ ಮಾತ್ರ ಒಂದೇ: "ದಿನಾ ನೀರ್ ಬಿಡ್ತೆ, ಆದ್ರೂ ಒಣಗ್ತಾ ಇತ್ತ್, ಎಂತ ಮಾಡುದ್?"

ದಿನಾ ಬಿಡೋದೇ ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಆ ನೀರು ಯಾರ ಪಾಲಿನದು ಅಂತ ಲೆಕ್ಕ ಹಾಕದೇ ಇರೋದು.

ಲೆಕ್ಕ ಹಾಕದೆ ಕೆಟ್ಟವನು ನಾನೇ. ತೋಟಗಾರಿಕೆ ಓದಿದವನು, ಸಾವಯವ ಅಂತ ಭಾಷಣ ಬಿಗಿಯುವವನು. ತಂಗಿ ಮದುವೆಗೆ ಅಂತ ಅಮಾಸೆಬೈಲಿನ ನಮ್ಮ ಮನೆ ಎದುರು ಒಂದು ಗುಂಟೆ ಅಂಗಳಕ್ಕೆ ಹುಲ್ಲು ಹಾಕಿಸಿದೆ. ನರ್ಸರಿಯವರು ಮೆಕ್ಸಿಕನ್ ಹುಲ್ಲು ಅಂತ ಮಾರ್ತಾರಲ್ಲ, ಅದೇ. ಅಪ್ಪಯ್ಯ ಆಗಲೇ ಹೇಳಿದ್ದರು: "ಗದ್ದಿಯಂಗೆ ಹುಲ್ಲ್ ಕೀಳುದ್, ಅಂಗಳದಂಗೆ ಹುಲ್ಲ್ ನೆಡುದಾ? ಕಂಡವ್ರ್ ನೆಗಾಡ್ತ್ರ್." ನಾನು ಕೇಳಲಿಲ್ಲ. ಸ್ಪ್ರಿಂಕ್ಲರ್‌ಗೆ ಟೈಮರ್ ಹಾಕಿ ಬೆಳಿಗ್ಗೆ, ಸಂಜೆ ಹದಿನೈದು ನಿಮಿಷ ನೀರು ಬಿಟ್ಟೆ. ಬದಿಯ ಹುಲ್ಲು ಹಳದಿಯಾದಾಗ ಅರ್ಧ ಗಂಟೆ ಮಾಡಿದೆ. ಏಪ್ರಿಲ್ ಎರಡನೇ ವಾರ ಬಾವಿಯಲ್ಲಿ ಪಂಪು ಗಾಳಿ ಎಳೆಯಲು ಶುರು ಮಾಡಿತು. ಹೊಸದಾಗಿ ನೆಟ್ಟ ಅಡಿಕೆ ಸಸಿಗಳಲ್ಲಿ 11 ಒಣಗಿ ಹೋದವು. ಲಾನ್ ಮಾತ್ರ ಹಸಿರಾಗೇ ಇತ್ತು. ಅದನ್ನು ನೋಡಿದಾಗ ಆದ ಸಂಕಟ ಈಗಲೂ ಮರೆತಿಲ್ಲ.

ಲೆಕ್ಕ ಸುಲಭ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಒಂದು ಗುಂಟೆ ಸುಮಾರು 101 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲು ದಿನಕ್ಕೆ ಸುಮಾರು 5 ಮಿ.ಮೀ. ಕುಡಿಯುತ್ತದೆ ಅಂತಿಟ್ಟರೂ 500 ಲೀಟರ್ ಆಯ್ತು. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಶಿಫಾರಸು ಇದೆ. ಅಂದರೆ ಒಂದು ಗುಂಟೆ ಲಾನ್ 25 ಅಡಿಕೆ ಮರದ ನೀರು ಕುಡಿಯುತ್ತದೆ. ನನ್ನ ಟೈಮರ್ ಅದರ ಎರಡು ಪಟ್ಟು ಸುರಿಯುತ್ತಿತ್ತು.

"ನಮ್ಮಲ್ಲಿ ಮಳೆಗೇನು ಕಮ್ಮಿ ಮಾರಾಯ್ರೆ" ಅಂತೀರಿ. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ದಾಟುವ ಜಾಗ, ಹೌದು. ಆದರೆ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೊಳೆ ಸೇರುತ್ತದೆ. ನಮ್ಮ ಮುರಕಲ್ಲು ಮಣ್ಣು ನೀರು ಹಿಡಿದಿಟ್ಟುಕೊಳ್ಳುವುದು ಕಡಿಮೆ. ಘಟ್ಟದ ಬುಡದಲ್ಲಿದ್ದೂ ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವುದು ಇದರಿಂದಲೇ.

ಹಾಗಾದರೆ ಲಾನ್ ಬೇಡವೇ? ಬೇಡ ಅಂತ ಹೇಳಿದರೆ ಕೇಳುವವರು ಯಾರು, ನಾನೇ ಕೇಳಲಿಲ್ಲ. ಹಾಕಿ ಆಗಿದ್ದರೆ ನೀರನ್ನಾದರೂ ಸರಿಯಾಗಿ ಬಿಡಿ.

ಮೊದಲು ಅಳತೆ. ಒಂದೇ ಗಾತ್ರದ, ನೇರ ಗೋಡೆಯ ಐದಾರು ಡಬ್ಬಗಳನ್ನು ಲಾನ್ ಮೇಲೆ ಅಲ್ಲಲ್ಲಿ ಇಡಿ. (ಗೆರಟೆ ಇಡಬೇಡಿ. ತಳ ಕಿರಿದಾದ್ದರಿಂದ ಅಳತೆ ಸುಳ್ಳು ಹೇಳುತ್ತದೆ.) ಹದಿನೈದು ನಿಮಿಷ ಸ್ಪ್ರಿಂಕ್ಲರ್ ಬಿಟ್ಟು ಪ್ರತಿ ಡಬ್ಬದಲ್ಲಿ ಎಷ್ಟು ಮಿ.ಮೀ. ನಿಂತಿದೆ ಅಂತ ಸ್ಕೇಲಿನಿಂದ ನೋಡಿ. ನಾನು ಬಾವಿ ಬತ್ತಿದ ಮೇಲೆ ಬುದ್ಧಿ ಬಂದು ನೋಡಿದಾಗ ನಡುವಿನ ಡಬ್ಬದಲ್ಲಿ 6 ಮಿ.ಮೀ., ಬದಿಯದರಲ್ಲಿ 1 ಮಿ.ಮೀ. ಇತ್ತು. ಬದಿ ಹಳದಿಯಾಗಿದ್ದು ನೀರು ಕಮ್ಮಿಯಾಗಿ ಅಲ್ಲ, ಸ್ಪ್ರಿಂಕ್ಲರ್ ಇಟ್ಟ ಜಾಗ ತಪ್ಪಿ. ಎರಡು ಕಡೆ ಬದಲಾಯಿಸಿ ಇಟ್ಟಿದ್ದರೆ ಮುಗಿದಿತ್ತು.

ದಿನಾ ಚಿಮುಕಿಸಿದರೆ ಮೇಲಿನ ಒಂದಿಂಚು ಮಾತ್ರ ಒದ್ದೆ. ಬೇರು ಅಲ್ಲೇ ಉಳಿಯುತ್ತದೆ, ಒಂದು ದಿನ ತಪ್ಪಿದರೂ ಬಾಡುತ್ತದೆ. ಅದರ ಬದಲು ಒಮ್ಮೆಗೆ 12ರಿಂದ 15 ಮಿ.ಮೀ. ಬಿಟ್ಟು, ಮತ್ತೆ ಕೇಳುವವರೆಗೆ ಸುಮ್ಮನಿರಿ. ಬಿಟ್ಟ ಮೇಲೆ ಉದ್ದದ ಸ್ಕ್ರೂಡ್ರೈವರ್ ಚುಚ್ಚಿ, ಐದಾರು ಇಂಚು ಸಲೀಸಾಗಿ ಇಳಿದರೆ ಸಾಕು. ಹುಲ್ಲು ಕೇಳುವುದು ಹೇಗೆ ಗೊತ್ತಾಗುತ್ತದೆ? ಅದರ ಮೇಲೆ ನಡೆಯಿರಿ. ಹೆಜ್ಜೆ ಗುರುತು ಏಳದೆ ಹಾಗೇ ಉಳಿದರೆ, ಬಣ್ಣ ಸ್ವಲ್ಪ ಬೂದಿಯಾದರೆ, ಆಗ ನೀರು. ಬಿಡುವುದು ಬೆಳಿಗ್ಗೆ ಬಿಸಿಲೇರುವ ಮೊದಲು. ಸಂಜೆ ಬಿಟ್ಟರೆ ಎಲೆ ರಾತ್ರಿಯಿಡೀ ಒದ್ದೆಯಾಗಿ ಶಿಲೀಂಧ್ರಕ್ಕೆ ದಾರಿ.

ಮಳೆಗಾಲದಲ್ಲಿ ನೀರಿನ ಮಾತೇ ಬೇಡ, ನಿಂತ ನೀರು ಹೋಗಲು ಕಣಿ ತೆಗೆಯಿರಿ, ಟೈಮರ್ ಬಿಚ್ಚಿಡಿ. ಮಳೆ ಹೊಯ್ಯುವಾಗಲೂ ಸ್ಪ್ರಿಂಕ್ಲರ್ ತಿರುಗುವ ಮನೆ ಕಂಡಿದ್ದೇನೆ! ಅಕ್ಟೋಬರ್, ನವೆಂಬರ್‌ನಲ್ಲಿ ಗುಡುಗು ಮಳೆ ಬರ್ತಾ ಇರುತ್ತದೆ, ಒಂದು ವಾರ ಬಾರದಿದ್ದರೆ ಒಮ್ಮೆ ಬಿಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಐದಾರು ದಿನಕ್ಕೊಮ್ಮೆ. ಮಾರ್ಚ್ ಬಂದ ಮೇಲೆ ಮೂರು ದಿನಕ್ಕೊಮ್ಮೆ ಬೇಕಾಗುತ್ತದೆ, ಅದೂ ಬಾವಿಯಲ್ಲಿ ನೀರಿದ್ದರೆ ಮಾತ್ರ.

ಇಲ್ಲದಿದ್ದರೆ? ಮಲಗಲು ಬಿಡಿ. ಇದೇ ನನ್ನ ಮುಖ್ಯ ಮಾತು. ಗರಿಕೆಯಂಥ ಹುಲ್ಲು ಬೇಸಿಗೆಯಲ್ಲಿ ಕಂದಾದರೆ ಸತ್ತಿತು ಅಂತಲ್ಲ. ನೆಲದೊಳಗಿನ ಬಳ್ಳಿಬೇರು ಜೀವ ಹಿಡಿದಿರುತ್ತದೆ. ಎರಡು ಮೂರು ವಾರಕ್ಕೊಮ್ಮೆ 10 ಮಿ.ಮೀ. ಕೊಟ್ಟು, ಎರಡು ಇಂಚಿಗಿಂತ ಗಿಡ್ಡ ಕತ್ತರಿಸದೆ ಬಿಟ್ಟರೆ ಮೊದಲ ಮಳೆಗೆ ಚಿಗುರುತ್ತದೆ. ಹೋಮ್‌ಸ್ಟೇ ಹುಡುಗರಿಗೆ ಇದು ಕಷ್ಟ, ಅವರಿಗೆ ಸೀಸನ್ನೇ ಏಪ್ರಿಲ್-ಮೇ. ಆದರೆ ಬಂದ ಅತಿಥಿಗೆ ಸ್ನಾನಕ್ಕೆ ನೀರಿಲ್ಲದಿದ್ದರೆ ಹಸಿರು ಲಾನ್ ತೋರಿಸಿ ಏನು ಮಾಡೋದು? 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯೇ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಅಲ್ಲಿಯವರೇ ಲಾನ್‌ಗೆ ನೀರು ನಿಲ್ಲಿಸಿದ ಮೇಲೆ ಅವರನ್ನು ಮೆಚ್ಚಿಸಲು ನಾವು ಬಾವಿ ಬತ್ತಿಸಬೇಕೆ?

ಬಚ್ಚಲು ನೀರು ತಿರುಗಿಸಬಹುದಾ ಅಂತಲೂ ಕೇಳ್ತಾರೆ. ತಿರುಗಿಸಬಹುದು. ನಮ್ಮನೆಯಲ್ಲಿ ಅದು ಬಸಳೆ ಚಪ್ಪರದ ಪಾಲು, ಅಮ್ಮ ಬಿಡುವುದಿಲ್ಲ.

ನಾನು ಒಂದು ಗುಂಟೆಯಲ್ಲಿ ಕಾಲು ಗುಂಟೆ ಮಾತ್ರ ಉಳಿಸಿಕೊಂಡೆ. ಅದರಲ್ಲೂ ಮೆಕ್ಸಿಕನ್ ಹೋದ ಕಡೆ ತೋಟದ ಬದುವಿನ ಗರಿಕೆಯನ್ನೇ ತಂದು ನೆಟ್ಟೆ, ಬಿಸಿಲಿದ್ದ ಕಡೆ ಚೆನ್ನಾಗಿ ಹಬ್ಬಿದೆ. ಮಿಕ್ಕಿದ್ದನ್ನು ಕೆತ್ತಿ ಮತ್ತೆ ಅಂಗಳ ಮಾಡಿದೆವು. ಚಾಲಿ ಅಡಿಕೆ ಒಣಗಲು 40 ದಿನದ ಬಿಸಿಲು ಬೇಕು, ಹುಲ್ಲು ಹಾಕಿದ ವರ್ಷ ಅದನ್ನು ಹರಡಲು ಜಾಗವಿಲ್ಲದೆ ಪಕ್ಕದ ಮನೆಯ ತಾರಸಿ ಕೇಳಿದ್ದೆವು. ಈಗ ಅಪ್ಪಯ್ಯ ಮೊದಲಿನ ಜಾಗದಲ್ಲೇ ಅಡಿಕೆ ಹರಡುತ್ತಾರೆ. ಕಾಲು ಗುಂಟೆ ಹುಲ್ಲಿನ ಮೇಲೆ ಸಂಜೆ ಕುರ್ಚಿ ಹಾಕಿ ಕೂರುವವರೂ ಅವರೇ.