ಬಿಸಲು ಒಂದ ಇದ್ರ ಸಾಕೇನ್ರಿ?

ಥಂಡಿಗಾಲ ಬಂತಂದ್ರ ಇಂಗ್ಲೆಂಡಿನ್ಯಾಗ ಇರೋ ನಮ್ಮಂಥ ರಿಟೈರ್ ಆದ ಮಂದಿಗೆ ಎಲ್ಲಾರೂ ಒಂದ ಉಪದೇಶ ಮಾಡ್ತಾರ: "ಎಲ್ಲ್ಯರ ಬಿಸಲಿದ್ದಲ್ಲೆ ಹೋಗಿ ಮೂರು ತಿಂಗಳು ಇದ್ದು ಬರ್ರಿ." ಉಪದೇಶ ಛಲೋನ ಅದ. ಡಿಸೆಂಬರ್‌ನ್ಯಾಗ ಇಲ್ಲಿ ಉತ್ತರದ ಊರುಗಳೊಳಗ ಸಂಜಿ ನಾಲ್ಕು ಹೊಡಿಯೂದ್ರಾಗ ಕತ್ತಲಿ. ಮೊಣಕಾಲು ಹಿಡಕೋತಾವ, ಮನಸ್ಸೂ ಹಿಡಕೋತದ. ಆದ್ರ ಜಾಗಾ ಆರಿಸೂ ರೀತಿ ಪೂರಾ ತಪ್ಪು ಅಂತ ನನ್ನ ವಾದ. ಎಲ್ಲಾರೂ ಥರ್ಮಾಮೀಟರ್ ನೋಡ್ತಾರ. ಕಾಲು ಯಾರೂ ನೋಡಂಗಿಲ್ಲ.

ನಮ್ಮ ಮಗ ಮೊದಲ ತೋರಿಸಿದ್ದು ಸ್ಪೇನಿನ ಕೋಸ್ಟಾ ಬ್ಲಾಂಕಾದಾಗ ಗುಡ್ಡದ ಮ್ಯಾಲಿನ ಒಂದು ವಿಲ್ಲಾ. ಮುಂದ ಈಜುಕೊಳ, ದೂರದಾಗ ಸಮುದ್ರ. ಫೋಟೋ ನೋಡಿದ್ರ ಎಂಥವ್ರಿಗೂ ಆಸೆ ಆಗಬೇಕು. ಕೆಳಗ ಸಣ್ಣ ಅಕ್ಷರದಾಗ ಬರದಿತ್ತು, ಕಾರು ಇದ್ರ ಅನುಕೂಲ ಅಂತ. ಹಂಗಂದ್ರ ಏನ್ರಿ? ಬ್ರೆಡ್ಡಿಗೆ ಕಾರು, ಹಾಲಿಗೆ ಕಾರು, ತಲಿನೋವಿನ ಗುಳಿಗಿಗೂ ಕಾರು. ಫುಟ್‌ಪಾತ್ ಇಲ್ಲದ ಏರು ರಸ್ತೆ. ಆ ದಂಡಿಗುಂಟ ಇಂಥಾ ವಿಲ್ಲಾ ಕಾಲೊನಿ ಸಾಲಾಗಿ ಎದ್ದಾವ, ಒಳಗ ನಮ್ಮ ವಯಸ್ಸಿನವರನ್ನ ತುಂಬಕೊಂಡು. "ತಿಂಗಳಿಗೆ ಎರಡು ಸರ್ತೆ ನಾ ಬಂದು ಬಾಡಗಿ ಕಾರಿನ್ಯಾಗ ಸಾಮಾನು ತುಂಬಿಸಿ ಹೋಗ್ತೇನಿ ಅವ್ವಾ" ಅಂದ ನಮ್ಮ ಹುಡುಗ. ಪ್ರೀತಿಲೇನ ಅಂದ. ಆದ್ರ ನಾವೇನು ಗೋದಾಮಿನ ಕಾವಲುಗಾರರೇನು?

ನಮ್ಮನಿಯವ್ರಿಗೆ ಈಗ 74. ಕಣ್ಣಿನ ನಡುವಿನ ದೃಷ್ಟಿ ಮಂಜಾಗಿ ಲೈಸೆನ್ಸ್ ವಾಪಸ್ ಕೊಟ್ಟರು. ನಾನಂತೂ ಎಂದೂ ಸ್ಟೇರಿಂಗ್ ಹಿಡದಾಕಿ ಅಲ್ಲ. ಲೈಸೆನ್ಸ್ ಹೋಗಿದ್ದಕ್ಕ ಅವರೇನು ಅಳಲಿಲ್ಲ, ಆದ್ರ ಮಾತು ಬದಲಾತು. ಮೊದಲ "ಪ್ಯಾಟಿಗೆ ಹೋಗಿ ಬರ್ತೇನಿ" ಅಂತಿದ್ದವರು ಈಗ "ಯಾರರ ಕರಕೊಂಡು ಹೋಗ್ತಾರೇನು" ಅಂತ ಕೇಳ್ತಾರ. ನಲವತ್ತು ವರ್ಷ ಎಲ್ಲಾರನ್ನೂ ಕೂಡ್ರಿಸಿಕೊಂಡು ತಿರುಗಿದ ಮನಶ್ಯಾ, ನಾಲ್ಕು ಹಸಿಮೆಣಸಿನಕಾಯಿಗೆ ಮಗನ ರಜಾ ಕಾಯಬೇಕು. ಈ ಕೇಳೂದು ಮತ್ತ ಕಾಯೂದು ಥಂಡಿಗಿಂತ ಲಗೂನ ಮನಶ್ಯಾನ್ನ ಮುದುಕನ್ನ ಮಾಡ್ತದ. ವಿಲ್ಲಾಕ್ಕ ಹೋದ್ರೂ ಕಾಯೂದು ತಪ್ಪೂದಿಲ್ಲ. ಬಿಸಲಾಗ ಕೂತು ಕಾಯಬೇಕು, ಅಷ್ಟ ಫರಕು.

"ಹಂಗಾದ್ರ ಕಾರ ಇಲ್ಲದ ಊರಿಗೆ ಹೋಗ್ರಿ" ಅಂತ ಇನ್ನೊಬ್ಬರು ಗ್ರೀಸಿನ ಹೈಡ್ರಾ ದ್ವೀಪದ ಹೆಸರು ಹೇಳಿದರು. ಖಾಸಗಿ ಕಾರು, ಬೈಕು ಅಲ್ಲಿಲ್ಲ; ಸಾಮಾನು ಹೇಸರಗತ್ತಿ ಮ್ಯಾಲೆ ಹೋಗ್ತಾವ. ಚಂದ ಅದ, ಖರೇನ. ಆದ್ರ ಬಂದರಿನ ದಂಡಿ ಬಿಟ್ಟರ ಬರೇ ಪಾವಟಿಗಿ. ಥಂಡಿಗಾಲದಾಗ ಜೋರ ಗಾಳಿ ಎದ್ದರ ಹಡಗು ಬಂದ್. ದೊಡ್ಡ ದವಾಖಾನಿ ಬೇಕಂದ್ರ ಸಮುದ್ರ ದಾಟಬೇಕು. ಕಾರಿಗೆ ಕಾಯೂದು ಬಿಟ್ಟು ಹಡಗಿಗೆ ಕಾಯೂದಾತು. ಕಾರಿಗೆ ಬಂದಿ ಹಾಕಿದ ಊರು ನಮಗ ಯಾಕ ಬೇಕು? ಕಾರು ಇಲ್ಲದನ ನಮ್ಮ ದಿನ ಸಾಗೋ ಊರು ಸಿಕ್ಕರ ಸಾಕು.

ನಾವು ಕಡೀಕ ಆರಿಸಿದ್ದು ಸ್ಪೇನಿನ ವಲೆನ್ಸಿಯಾ. ಜನವರಿಯಾಗೂ ಮಧ್ಯಾಹ್ನ 16–17 ಡಿಗ್ರಿ. ಊರು ಹಂಚಿನಂಗ ಸಪಾಟ. ವಿಮಾನ ಇಳದ ಕೂಡಲೆ ಅಲ್ಲೇ ಮೆಟ್ರೊ, ಅರ್ಧ ತಾಸಿನೊಳಗ ಊರ ನಡುವ. 1928ರಾಗ ಬಾಗಿಲು ತೆರದ ದೊಡ್ಡ ಸೆಂಟ್ರಲ್ ಮಾರ್ಕೆಟ್ ಅದ. ಮುಂಜಾನೆ ಹೋದ್ರ ಕಾಯಿಪಲ್ಯ, ಹಣ್ಣು, ಕಾಳು ಎಲ್ಲಾ ಒಂದ ಕಡೆ. ನಗರಸಭೆ ಮುಂದಿನ ಚೌಕದಾಗ 2020ರಿಂದ ಕಾರು ತಗದಾರ.

ಎಲ್ಲಕ್ಕಿಂತ ದೊಡ್ಡದು ಟುರಿಯಾ ತೋಟ. 1957ರ ಅಕ್ಟೋಬರ್‌ನ್ಯಾಗ ಟುರಿಯಾ ನದಿಗೆ ಮಹಾಪೂರ ಬಂದು ಊರು ಮುಳುಗಿತು. ಆಮ್ಯಾಲೆ ನದೀನ್ನ ಊರ ಹೊರಗ ತಿರುಗಿಸಿದರು. ಒಣಗಿದ ಪಾತ್ರದಾಗ ಹೆದ್ದಾರಿ ಮಾಡೂ ಯೋಜನಾ ಇತ್ತು. ಊರ ಮಂದಿ ಎದ್ದು ನಿಂತು, ಇದು ನಮಗ ಹಸರಾಗಿ ಬೇಕು ಅಂತ ಹಟಾ ಹಿಡದರು. ಇವತ್ತು ಅಲ್ಲಿ ಸುಮಾರು 9 ಕಿಲೋಮೀಟರ್ ಉದ್ದದ ತೋಟ. ಕಾರು ಮ್ಯಾಲಿನ ಸೇತುವೆಗಳ ಮ್ಯಾಲೆ ಹೋಗ್ತಾವ, ಕೆಳಗ ಮಂದಿ ಅಡ್ಡಾಡ್ತಾರ. ಯಾರೋ ಅವತ್ತು ಜಗಳಾಡಿದ್ದಕ್ಕ ನಮ್ಮನಿಯವ್ರಿಗೆ ಇವತ್ತು ಹೆದರಿಕಿ ಇಲ್ಲದ ಹಾದಿ ಸಿಕ್ಕದ.

ಮೊದಲನೇ ವಾರದಾಗನ ಅವರು ತಾವೊಬ್ಬರ ಚೀಲ ಹಿಡಕೊಂಡು ಹೊಂಟರು. ಕೊತ್ತಂಬರಿ ಅಂತ ಪಾರ್ಸ್ಲಿ ತಂದರು. ಸಾರಿಗೆ ಅದನ್ನ ಹಾಕಿದೆ. ಇಬ್ಬರೂ ನಕ್ಕೋತ ಉಂಡಿವಿ.

ಊರು ಸ್ವರ್ಗ ಅಂತ ಹೇಳಂಗಿಲ್ಲ ನಾ. ಹಳೇ ಮನಿಗಳೊಳಗ ಹೀಟರ್ ಸರಿ ಇರೂದಿಲ್ಲ. ಜನವರಿಯಾಗ ಹೊರಗಿಂತ ಒಳಗ ಥಂಡಿ. ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ 180 ದಿನದಾಗ 90 ದಿನ ಅಷ್ಟ ಇರಲಿಕ್ಕೆ ಬರ್ತದ. ಹೋದ ದಿನ, ಬಂದ ದಿನ ಎರಡೂ ಲೆಕ್ಕಕ್ಕ. ಡಿಸೆಂಬರ್ 1ರಿಂದ ಫೆಬ್ರುವರಿ 28ಕ್ಕ ಬರೋಬ್ಬರಿ 90.

"ಇಷ್ಟೆಲ್ಲಾ ಯಾಕ? ಧಾರವಾಡಕ್ಕ ಬರ್ರಿ" ಅಂತಾರ ನಮ್ಮ ವೈನಿ. ಜನವರಿ ಧಾರವಾಡದ ಹವಾಕ್ಕ ಸಾಟಿ ಇಲ್ಲ. ಮಾತಾಡಲಿಕ್ಕೆ ಮಂದಿ ಇದ್ದಾರ, ಬಾಯಿಗೆ ನಮ್ಮ ಊಟ ಅದ. ಆದ್ರ ಇವರು ಗೇಟಿನ ಹೊರಗ ಕಾಲಿಟ್ಟ ಕೂಡಲೆ ಅದ ವೈನಿ ಒದರ್ತಾರ: "ಒಬ್ಬರ ಹೋಗಬ್ಯಾಡ್ರಿ, ಗಾಡಿ ಮೈಮ್ಯಾಲೆ ಬರ್ತಾವ, ಹುಡುಗನ್ನ ಕಳಸ್ತೇನಿ!" ಫುಟ್‌ಪಾತ್ ಮ್ಯಾಲೆ ಬೈಕು ನಿಂತಾವ, ಕಣ್ಣು ಮಂಜಾದವರಿಗೆ ತೆರದ ಗಟಾರ ಕಾಣೂದಿಲ್ಲ. ಹವಾ ದೇವರು ಕೊಟ್ಟಾನ. ನಡಿಯೋ ಹಾದಿ ನಾವ ಕಳಕೊಂಡೀವಿ. ಇದನ್ನ ಹೇಳಿದ್ರ ವೈನಿಗೆ ಸಿಟ್ಟು ಬರ್ತದ. ಬರಲಿ. ನಮ್ಮ ಊರಾಗೂ ಯಾರರ ಹಟಾ ಹಿಡಿಯಬೇಕಲ್ಲ?

ಅದಕ್ಕ ಅಪ್ಪ-ಅವ್ವಗ ಜಾಗಾ ಹುಡುಕೋ ಮಕ್ಕಳಿಗೆ ನಂದು ಇಷ್ಟ ಹೇಳೂದದ. ಈಜುಕೊಳದ ಫೋಟೋ ಬಾಜೂಕ ಇಡ್ರಿ, ಮೊದಲ ನಕ್ಷೆ ತಗೀರಿ. ಹಾಲು, ಕಾಯಿಪಲ್ಯ, ಔಷಧದಂಗಡಿ ಹತ್ತು ಮಿನಿಟಿನ ನಡಿಗಿಯೊಳಗ ಅದಾವೇನು? ಹಾದಿ ಸಪಾಟ ಅದಯೇನು, ನಡುವ ಕೂಡಲಿಕ್ಕೆ ಬೆಂಚು ಅದಯೇನು? ಮನಿಗೆ ಲಿಫ್ಟು, ಹೀಟರ್ ಅದಾವೇನು? ದವಾಖಾನಿ ಅದ ಊರಾಗ ಅದಯೇನು? ಇವಕ್ಕೆಲ್ಲಾ ಹೌದು ಅಂತ ಉತ್ತರ ಬಂದ್ರ ಆಮ್ಯಾಲೆ ಡಿಗ್ರಿ ನೋಡ್ರಿ. ಎರಡು ಡಿಗ್ರಿ ಕಡಿಮಿ ಆದ್ರ ಸ್ವೆಟರ್ ಹಾಕೋತೀವಿ. ಹೊರಗ ಹೋಗಲಿಕ್ಕೆ ದಿನಾ ಇನ್ನೊಬ್ಬರನ್ನ ಕೇಳಬೇಕಾದ್ರ, ಅದಕ್ಕ ಯಾವ ಸ್ವೆಟರೂ ಇಲ್ಲ.