ಕೊನೆಯ ಹಾಳೆ ಇಲ್ಲದ ಪುಸ್ತಕ

ಈ ಮಳೆಗಾಲದಲ್ಲಿ ಮೂರು ಕಾದಂಬರಿಗಳನ್ನು ಓದಿದೆ. ಮೂರೂ ಪತ್ತೇದಾರಿ, ರೋಚಕ, ರಹಸ್ಯ ಎಂದೆಲ್ಲ ಕರೆಸಿಕೊಳ್ಳುವ ಜಾತಿಯವು. ವಿಮರ್ಶಕರು ಈ ಜಾತಿಯನ್ನು ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿದ್ದು ಕಡಿಮೆ. ಆ ಜಗಳ ಇವತ್ತು ಬೇಡ. ನಾನು ಇವನ್ನು ಓದಿದ್ದು ನನಗಾಗಿ ಅಲ್ಲ, ಅಮ್ಮನಿಗಾಗಿ. ಅದೂ ಗಟ್ಟಿಯಾಗಿ, ಹಂಚಿನ ಮಾಡಿನ ಮೇಲೆ ಸುರಿಯುವ ಆಟಿ ತಿಂಗಳ ಮಳೆಗಿಂತ ಒಂದು ಸ್ವರ ಮೇಲೆ.

ಅಮ್ಮನಿಗೆ ಈಗ 78. ಇರುವುದು ಕಾರ್ಕಳದ ಹಳೆಯ ಮನೆಯಲ್ಲಿ. ಜೂನ್ ತಿಂಗಳಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿದೆವು. ದೂರದ್ದು ಮರುದಿನದಿಂದಲೇ ಚೆನ್ನಾಗಿ ಕಾಣತೊಡಗಿತು. ಹತ್ತಿರದ ಅಕ್ಷರಕ್ಕೆ ಬೇಕಾದ ಕನ್ನಡಕವನ್ನು ಮಾತ್ರ ಒಂದೂವರೆ ತಿಂಗಳು ಕಳೆದು ಬರೆದುಕೊಡುತ್ತೇವೆ ಎಂದರು ವೈದ್ಯರು. ಅಮ್ಮನ ಮುಖ ಸಣ್ಣದಾಯಿತು. ಶಸ್ತ್ರಚಿಕಿತ್ಸೆಗೆ ಹೆದರದವರು ಓದಿಲ್ಲದ ಒಂದೂವರೆ ತಿಂಗಳಿಗೆ ಹೆದರಿದರು.

"ಟಿವಿ ನೋಡಿ" ಎಂದೆ.

"ಅದು ಬೇಡ ಮಾರಾಯ. ಧಾರಾವಾಹಿಯವರು ಕಳ್ಳ ಯಾರು ಅಂತ ಎರಡು ವರ್ಷವಾದರೂ ಹೇಳುವುದಿಲ್ಲ" ಎಂದರು.

ಮಣಿಪಾಲದಿಂದ ಹಿಂತಿರುಗುವಾಗ ಕಾರಿನ ಕಿಟಕಿಯಿಂದ ಹೊಸ ಕಣ್ಣಿನಲ್ಲಿ ಊರು ನೋಡುತ್ತಿದ್ದ ಅಮ್ಮ ಒಮ್ಮೆಲೆ ಕೇಳಿದರು: "ಬ್ಯಾಂಕಿಗೆ ದರೋಡೆಕೋರರು ನುಗ್ಗುವ ಸಿನೆಮಾ ತೆಗೆದದ್ದು ಇಲ್ಲೇ ಅಲ್ಲವಾ?" ಸುನಿಲ್‌ಕುಮಾರ್ ದೇಸಾಯಿಯವರ 'ನಿಷ್ಕರ್ಷ'. 1993ರ ಚಿತ್ರ. ಮಣಿಪಾಲ್ ಸೆಂಟರ್ ಕಟ್ಟಡದಲ್ಲಿ ಚಿತ್ರೀಕರಣ ನಡೆದಿತ್ತು. ಆಗ ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿ ಇದ್ದ ಊರು ಅದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿ ಹೆಸರೇ ಇಲ್ಲವಾಯಿತು. ಆದರೆ ಅಮ್ಮನ ನೆನಪಿನಲ್ಲಿ ದರೋಡೆಕೋರರು ಮಾತ್ರ ಹಾಗೆಯೇ ಉಳಿದಿದ್ದಾರೆ. ಪರ್ಕಳ ದಾಟುವ ಹೊತ್ತಿಗೆ ನಾನು ಸೋತು, ದಿನಾ ಸಂಜೆ ಒಂದು ಗಂಟೆ ಓದಿ ಹೇಳುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಕೆಲಸ ಉಡುಪಿಯಲ್ಲಿ, ವಾಸ ಅಷ್ಟು ದಿನ ಕಾರ್ಕಳದಲ್ಲಿ ಎಂದಾಯಿತು.

ಅಮ್ಮ ಓದಿದ್ದು ಐದನೇ ತರಗತಿ. ತವರು ಕಾಪು, 1901ರಲ್ಲಿ ಕಟ್ಟಿದ ಅಲ್ಲಿನ ದೀಪಸ್ತಂಭದ ಬೆಳಕು ಅವರ ಮನೆಯ ತೆಂಗಿನ ಮರಗಳ ತಲೆ ಸವರಿ ಹೋಗುತ್ತಿತ್ತಂತೆ. ಮನೆಮಾತು ತುಳು. ಕನ್ನಡವೆಂದರೆ ಶಾಲೆಯ ಭಾಷೆ, ಶಾಲೆ ಬಿಟ್ಟ ಮೇಲೆ ಮರೆತುಹೋಗಬೇಕಾದ ಭಾಷೆ. ಹಾಗೆ ಮರೆತುಹೋಗದಂತೆ ನೋಡಿಕೊಂಡದ್ದು ಅವರ ತಮ್ಮ, ಅಂದರೆ ನನ್ನ ಸೋದರಮಾವ. ಉಡುಪಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದ ಮಾವ ಬಾಡಿಗೆ ಪುಸ್ತಕದ ಅಂಗಡಿಯಿಂದ ದಿನಕ್ಕೆ ಹತ್ತು ಪೈಸೆ ಕೊಟ್ಟು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ತರುತ್ತಿದ್ದರು. ಅಮ್ಮ 1966ರಲ್ಲಿ ಮದುವೆಯಾಗಿ ಕಾರ್ಕಳಕ್ಕೆ ಬಂದ ಮೇಲೂ ಅದು ನಿಲ್ಲಲಿಲ್ಲ. ತಮ್ಮ ಅಕ್ಕನನ್ನು ನೋಡುವ ನೆಪದಲ್ಲಿ ಬರುವುದು, ಬಾಳೆಗೊನೆಯ ಕೆಳಗೆ ಎರಡು ಪುಸ್ತಕ ಇಟ್ಟು ಹೋಗುವುದು.

ಅಜ್ಜನಿಗೆ ಇದು ಗೊತ್ತಾಗಬಾರದು. ಅವರ ಲೆಕ್ಕದಲ್ಲಿ ಮನೆಯ ಸೊಸೆ ಓದಬಹುದಾದದ್ದು ಪಂಚಾಂಗ, ಹೆಚ್ಚೆಂದರೆ ಜೈಮಿನಿ ಭಾರತ. ಅಮ್ಮ ಓದುತ್ತಿದ್ದದ್ದು ಬಚ್ಚಲಿನಲ್ಲಿ, ನೀರೊಲೆಗೆ ಮಡಲು ತುಂಬುತ್ತ, ಬೆಂಕಿಯ ಬೆಳಕಿನಲ್ಲಿ. ಬೆಂಗಳೂರನ್ನು ಕಾಣದ ಅಮ್ಮನಿಗೆ ಅಲ್ಲಿ ಅಪರಾತ್ರಿ ಕಾರು ನಿಂತರೆ ಏನಾಗುತ್ತದೆ ಎಂದು ಗೊತ್ತಿತ್ತು. 'ಸುಳಿವು', 'ಶಂಕಿತ', 'ತನಿಖೆ' ಮುಂತಾದ ಮಾತುಗಳು ಬಾಯಿಗೆ ಬಂದದ್ದು ಹಾಗೆ. ಈಗಲೂ ಅಡುಗೆಮನೆಯಲ್ಲಿ ಬೆಕ್ಕು ಹಾಲು ಕುಡಿದರೆ ಅಮ್ಮ ತುಳುವಿನ ನಡುವೆ ಶುದ್ಧ ಕನ್ನಡದಲ್ಲಿ "ಸುಳಿವು ಸಿಕ್ಕಿತು" ಎನ್ನುತ್ತಾರೆ.

'ಪತ್ತೇದಾರ ಪುರುಷೋತ್ತಮ'ನನ್ನು ಸೃಷ್ಟಿಸಿ, ನೂರಾರು ಕಾದಂಬರಿ ಬರೆದು 2011ರಲ್ಲಿ ತೀರಿಕೊಂಡ ನರಸಿಂಹಯ್ಯನವರ ಶಾಲೆಯ ಓದು ನಾಲ್ಕನೇ ತರಗತಿಗೆ ಮುಗಿದಿತ್ತು. ಇದನ್ನು ಅಮ್ಮನಿಗೆ ಹೇಳಿದಾಗ ಬಹಳ ಸಂತೋಷಪಟ್ಟರು. "ನಾಲ್ಕನೇ ಕ್ಲಾಸಿನವರು ಬರೆದರು, ಐದನೇ ಕ್ಲಾಸಿನವಳು ಓದಿದೆ. ನಿಮ್ಮ ಬಿ.ಎ.ಯವರಿಗೆ ಅದರಲ್ಲಿ ಎಂತ ತೊಂದರೆ?" ಎಂದು ಕೇಳಿದರು. ಬಿ.ಎ. ಮಾಡಿದ ನಾನು ಉತ್ತರ ಕೊಡಲಿಲ್ಲ.

ಮೊದಲು ಓದಿದ್ದು ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್'. 1994ರ ಪುಸ್ತಕ, ನಾನು ಹಿಂದೆ ಎರಡು ಸಲ ಓದಿದ್ದೆ. ಅಮ್ಮನಿಗೆ ಹೊಸದು. ಸುರೇಶ ಮತ್ತು ಗೌರಿ ಎಂಬ ದಂಪತಿ ಏಲಕ್ಕಿ ಮಾರಲು ಹೊರಡುತ್ತಾರೆ. ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿಯ ಕತೆ. ಅಷ್ಟರಲ್ಲಿ ಕಾಡಿನ ಕಳ್ಳ ವ್ಯವಹಾರದವರೂ ಹಳೆಯ ಕಾವ್ಯವೊಂದರ ಒಗಟೂ ಅವರ ಬೆನ್ನು ಹತ್ತುತ್ತವೆ. ಓದದವರ ಸುಖ ಕೆಡಿಸಬಾರದು, ಮುಂದಿನದನ್ನು ಹೇಳುವುದಿಲ್ಲ.

ನಾನು ಮೆಚ್ಚಿದ್ದು ಕತೆಯ ಓಟವನ್ನು. ಅಮ್ಮ ಮೆಚ್ಚಿದ್ದು ಏಲಕ್ಕಿಯನ್ನು. ಬೆಳೆದವನಿಗೆ ಮಾರುವ ದಿನ ಇರುವ ಆತಂಕ, ಕೈಗೆ ಬಂದ ದುಡ್ಡನ್ನು ಮನೆ ಮುಟ್ಟಿಸುವ ತನಕ ಇರುವ ಭಯ, ಇವೆಲ್ಲ ಅಡಿಕೆ ಮಾರಿ ಸಂಸಾರ ಸಾಗಿಸಿದ ಮನೆಯ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಇವರು ದುಡ್ಡು ಎಣಿಸಿದವರು. ಇವರು ಹೇಳಿದ ಕಳ್ಳನನ್ನು ನಂಬಬಹುದು" ಎಂದರು. ಎಷ್ಟು ಸರಿಯಾದ ಮಾತು! ಏಲಕ್ಕಿಯ ವಿಷಯದಲ್ಲಿ ಸುಳ್ಳು ಹೇಳದ ಲೇಖಕ ಕೊಲೆಗಾರನ ವಿಷಯದಲ್ಲಿ ಎಷ್ಟು ಬೇಕಾದರೂ ಕಲ್ಪಿಸಲಿ, ನಾವು ಹಿಂದೆ ಓಡುತ್ತೇವೆ. ದಿನಬಳಕೆಯ ಸಂಗತಿಯಲ್ಲಿ ಎಡವಿದವನ ರಹಸ್ಯವನ್ನು ಯಾರೂ ನಂಬುವುದಿಲ್ಲ.

ಎರಡನೆಯದು ಕೆ.ಎನ್. ಗಣೇಶಯ್ಯನವರ 'ಬಳ್ಳಿಕಾಳ ಬೆಳ್ಳಿ'. ಗಣೇಶಯ್ಯನವರು ಕೃಷಿ ವಿಜ್ಞಾನಿ. ಶಾಸನ, ಪ್ರವಾಸಿಗಳ ಬರಹ, ಗಿಡಮರಗಳ ವಿಜ್ಞಾನ ಎಲ್ಲವನ್ನೂ ಹೆಣೆದು ರೋಚಕ ಕತೆ ಮಾಡುವುದು ಅವರ ದಾರಿ. ಇಲ್ಲಿರುವುದು ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಜೈನ ರಾಣಿ. ಕಾಳುಮೆಣಸಿಗಾಗಿ ಹಡಗುಗಳು ಬಂದ ಕಾಲ.

ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ಇದೆ ಎಂದಾಗ ಅಮ್ಮ ಎದ್ದು ಕುಳಿತರು. ನಾಲ್ಕು ದಿಕ್ಕಿಗೂ ಬಾಗಿಲಿರುವ ಬಸದಿ ಎಂದರೆ ಕಾರ್ಕಳದವರಿಗೆ ತಮ್ಮದೊಂದೇ ಎಂಬ ಭಾವನೆ. ನಮ್ಮ ಬಸದಿ 1586ರದ್ದು, ಇಮ್ಮಡಿ ಭೈರರಸ ಕಟ್ಟಿಸಿದ್ದು. ಅದೇ ಕಾಲದಲ್ಲಿ ಗೇರುಸೊಪ್ಪೆಯಲ್ಲಿ ಆಳುತ್ತಿದ್ದವಳು ಈ ರಾಣಿ. ಎದುರಿನ ಗುಡ್ಡದ ಮೇಲೆ 1432ರಲ್ಲಿ ನಿಂತ ಗೊಮ್ಮಟನಿಗೆ ಆಗಲೇ ನೂರೈವತ್ತು ವರ್ಷವಾಗಿತ್ತು. ಅಮ್ಮ ಆರು ದಶಕ ದಿನವೂ ಕಂಡ ಕಲ್ಲು ಅಂದು ಸಂಜೆ ಕತೆಯೊಳಗೆ ಬಂದು ನಿಂತಿತು. ಒಳ್ಳೆಯ ರೋಚಕ ಕಾದಂಬರಿಯ ಉಪಕಾರ ಇದು: ನೋಡಿ ನೋಡಿ ಕಾಣದಾದದ್ದನ್ನು ಮತ್ತೆ ಕಾಣಿಸುತ್ತದೆ.

ದೂರು ಇಲ್ಲವೆಂದಲ್ಲ. ಈ ಬಗೆಯ ಬರಹದಲ್ಲಿ ಮಾಹಿತಿ ಕೆಲವೊಮ್ಮೆ ಕತೆಯ ಕಾಲಿಗೆ ತೊಡರುತ್ತದೆ. ಪಾತ್ರಗಳು ಒಬ್ಬರಿಗೊಬ್ಬರು ಪಾಠ ಮಾಡತೊಡಗುತ್ತಾರೆ. ಅಂಥ ಒಂದು ಕಡೆ ಅಮ್ಮ ಕೈಯೆತ್ತಿ ನಿಲ್ಲಿಸಿದರು. "ಇವರು ಇಷ್ಟು ಹೊತ್ತು ಮಾತಾಡಿದರೆ ಹಿಡಿಯಬೇಕಾದವರು ಓಡಿಹೋಗುವುದಿಲ್ಲವಾ?"

ಮೂರನೆಯದು ನಾನು ಆರಿಸಿದ್ದಲ್ಲ. ಒಂದು ರಾತ್ರಿ ಊಟದ ನಂತರ ಅಮ್ಮ ಅಟ್ಟದ ಮೇಲಿನ ಹಳೆಯ ಟ್ರಂಕು ಇಳಿಸಲು ಹೇಳಿದರು. ಮದುವೆಯ ಸೀರೆಯ ಕೆಳಗೆ ಒಂದು ಪುಸ್ತಕ. ಹೊದಿಕೆ ಇಲ್ಲ. ಮೊದಲ ಫಾರಂ ಹೊಲಿಗೆ ಬಿಟ್ಟು ಉದುರಿದ್ದರಿಂದ ಕತೆ ಶುರುವಾಗುವುದೇ 17ನೇ ಪುಟದಿಂದ. ಅಮ್ಮನ ಪ್ರಕಾರ ನರಸಿಂಹಯ್ಯನವರದ್ದು. ಹೆಸರಿನ ಪುಟವೇ ಇಲ್ಲದ ಪುಸ್ತಕದ ಬಗ್ಗೆ ನಾನು ಪ್ರಮಾಣ ಮಾಡಲಾರೆ. 144ನೇ ಪುಟದಲ್ಲಿ ಪತ್ತೇದಾರರು ಮನೆಯವರನ್ನೆಲ್ಲ ಹಜಾರಕ್ಕೆ ಕರೆಸಿ, ಅಪರಾಧಿ ನಿಮ್ಮ ನಡುವೆಯೇ ಇದ್ದಾನೆ ಎನ್ನುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಮುಂದಿನ ಹಾಳೆಗಳು ಇಲ್ಲ.

ನಾನು ಓದು ನಿಲ್ಲಿಸಿ ನಕ್ಕೆ. ಅಮ್ಮ ನಗಲಿಲ್ಲ. "ತಮ್ಮ ಕೊನೆಗೆ ತಂದ ಪುಸ್ತಕ ಅದು" ಎಂದರು.

ಮಾವ 1974ರಲ್ಲಿ ಮುಂಬಯಿಗೆ ಹೋದರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಶಾಲೆಯಲ್ಲಿ ಮುಂದಿನ ಓದು ಎಂದು ನಮ್ಮೂರಿನ ಎಷ್ಟೋ ಹುಡುಗರು ಹೊರಟಂತೆ ಹೊರಟರು. ಪುಸ್ತಕ ಹಿಂತಿರುಗಿಸಲು ಅಕ್ಕನಿಗೆ ಹೇಳಿದ್ದರು; ಕಾರ್ಕಳದಿಂದ ಉಡುಪಿಗೆ ಒಬ್ಬಳೇ ಹೋಗುವ ಸ್ವಾತಂತ್ರ್ಯ ಅಕ್ಕನಿಗೆ ಇರಲಿಲ್ಲ. ಐದು ವರ್ಷ ಕಾಗದ ಬಂತು, ಮನಿಆರ್ಡರ್ ಬಂತು. 1979ರ ನಂತರ ಬರಲಿಲ್ಲ. ಊರಿನವರೊಬ್ಬರು ಹೋಗಿ ವಿಚಾರಿಸಿದರೆ, ಬೇರೆ ಕಡೆ ಕೆಲಸ ಸಿಕ್ಕಿದೆ ಎಂದು ಬಿಟ್ಟುಹೋದ ಎಂದರಂತೆ. ಯಾವ ಕಡೆ ಎಂದು ಯಾರಿಗೂ ತಿಳಿದಿರಲಿಲ್ಲ. ಅಜ್ಜಿ ಹತ್ತು ವರ್ಷ ಅಂಚೆಯವನ ದಾರಿ ಕಾದರು, ಕಾಪುವಿನ ಮಾರಿಗೆ ಹರಕೆ ಹೇಳಿದರು, ತೀರಿಕೊಂಡರು. ಅಷ್ಟೆ. ಜಗಳವಿಲ್ಲ, ಸಾಲವಿಲ್ಲ, ಸುಳಿವಿಲ್ಲ. ಕರಾವಳಿಯ ಹಲವು ಮನೆಗಳಲ್ಲಿ ಇಂಥ ಒಂದು ಹೆಸರು ಇದೆ. ಶ್ರಾದ್ಧ ಮಾಡಲೂ ಆಗದ, ಮಾಡದೆ ಇರಲೂ ಆಗದ ಹೆಸರು.

ಆ ರಾತ್ರಿ ನನಗೆ ಒಂದು ಸಂಗತಿ ಹೊಳೆಯಿತು. ಪತ್ತೇದಾರಿ ಕಾದಂಬರಿಯ ಓದುಗರನ್ನು ನಾವು ಕೊಲೆ, ರಕ್ತದ ರುಚಿ ಹತ್ತಿದವರೆಂದು ಹಾಸ್ಯ ಮಾಡುತ್ತೇವೆ. ನಾನೂ ಮಾಡಿದ್ದೇನೆ. ಅಮ್ಮನಿಗೆ ರಕ್ತ ಕಂಡರೆ ತಲೆಸುತ್ತು ಬರುತ್ತದೆ. ಅವರು ಐವತ್ತು ವರ್ಷದಿಂದ ಓದುತ್ತಿರುವುದು ಕೊನೆಯ ಅಧ್ಯಾಯಕ್ಕಾಗಿ. ಕಾಣೆಯಾದವನಿಗೆ ಏನಾಯಿತು ಎಂದು ಒಬ್ಬ ತಿಳಿದವನು ಎಲ್ಲರನ್ನೂ ಕೂರಿಸಿ ಒಂದೊಂದಾಗಿ ಹೇಳುವ ಆ ಅಧ್ಯಾಯಕ್ಕಾಗಿ. ಮನೆಗೆ ಯಾವ ಪತ್ತೇದಾರನೂ ಬಂದು ಹಾಗೆ ಹೇಳಲಿಲ್ಲ. ಪುಸ್ತಕದಲ್ಲಾದರೂ ಹೇಳುತ್ತಾರಲ್ಲ!

ಇದನ್ನು ಪಲಾಯನ ಎನ್ನುವವರಿದ್ದಾರೆ. ಇರಬಹುದು. ಆದರೆ ದೊಡ್ಡ ಕಾದಂಬರಿಗಳು ಮಾಡುವುದೂ ಇನ್ನೇನು? ಇದೇ ಜಿಲ್ಲೆಯ ಕೋಟದ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' 1968ರಲ್ಲಿ ಬಂತು. ಅಲ್ಲಿಯ ಮುದುಕಿ ಒಂದು ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನದೆಲ್ಲ ಅವಳ ಕಣ್ಣಿಗೆ ಕಟ್ಟುತ್ತದೆ. ಜ್ಞಾನಪೀಠದ ನೆರಳಿನಲ್ಲಿ ನಾವು ಗೌರವದಿಂದ ಓದಿದ ಆ ಅಜ್ಜಿಯೂ ಒಂದು ಬಗೆಯಲ್ಲಿ ಪತ್ತೇದಾರಳೇ. ಅಮ್ಮ ಅದನ್ನೂ ಓದಿದ್ದಾರೆ. ಆ ಹರಿದ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಅಂದರು: "ಇದನ್ನು ಮೂಕಜ್ಜಿಯ ಕೈಗೆ ಕೊಟ್ಟಿದ್ದರೆ ಅವನು ಎಲ್ಲಿದ್ದಾನೆ ಅಂತ ಹೇಳುತ್ತಿದ್ದಳೋ ಏನೋ."

ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಮಾತು ಬದಲಿಸಲು, "ಅಮ್ಮ, ಈ ಕತೆಯಲ್ಲಿ ಕೊಲೆಗಾರ ಯಾರು ಅಂತ ನಿಮ್ಮ ಲೆಕ್ಕ?" ಎಂದು ಕೇಳಿದೆ.

"ಒಂದು ಸಲಕ್ಕೆ ಮ್ಯಾನೇಜರ್ ಅನಿಸುತ್ತದೆ, ಒಂದು ಸಲಕ್ಕೆ ದೊಡ್ಡ ಮಗ. ಐವತ್ತು ವರ್ಷದಲ್ಲಿ ನಾಲ್ಕು ಜನರನ್ನು ಹಿಡಿದೆ, ನಾಲ್ಕು ಜನರನ್ನೂ ಬಿಟ್ಟೆ" ಎಂದರು. ಆಮೇಲೆ ನಕ್ಕರು.

ಆಗಸ್ಟ್‌ನಲ್ಲಿ ಹೊಸ ಕನ್ನಡಕ ಬಂತು. ನನ್ನ ಉದ್ಯೋಗ ಹೋಯಿತು. ಅಮ್ಮ ಈಗ ಜಗಲಿಯಲ್ಲಿ ಕುಳಿತು ತಾವೇ ಓದುತ್ತಾರೆ. ಬಚ್ಚಲಿಗೆ ಹೋಗಿ ಅಡಗಬೇಕಾದ ಕಾಲ ಎಂದೋ ಮುಗಿದಿದೆ. ತೇಜಸ್ವಿಯವರ 'ಚಿದಂಬರ ರಹಸ್ಯ' ತಂದುಕೊಟ್ಟಿದ್ದೇನೆ. ಅದರಲ್ಲೂ ಏಲಕ್ಕಿ ಇದೆ ಎಂದು ಹೇಳಿದ್ದರಿಂದ ಒಪ್ಪಿಕೊಂಡಿದ್ದಾರೆ.

ಬಾಡಿಗೆ ಪುಸ್ತಕದ ಆ ಅಂಗಡಿ ಮುಚ್ಚಿ ಬಹಳ ಕಾಲವಾಯಿತು. ದಿನಕ್ಕೆ ಹತ್ತು ಪೈಸೆಯಂತೆ ಲೆಕ್ಕ ಹಾಕಿದರೆ 1974ರಿಂದ ಇಂದಿನವರೆಗೆ ಸಾವಿರದ ಎಂಟುನೂರು ರೂಪಾಯಿಗಿಂತ ಹೆಚ್ಚು ಬಾಕಿ ಇದೆ. ಕೊಡೋಣವೆಂದರೆ ತೆಗೆದುಕೊಳ್ಳುವವರಿಲ್ಲ. ಓದುಗರಲ್ಲಿ ಒಂದು ವಿನಂತಿ ಮಾತ್ರ ಇದೆ. ನಿಮ್ಮ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ, ಹಿರಿಯರ ಸೀರೆಯ ಕೆಳಗೆ ಇಂಥ ಪುಸ್ತಕಗಳಿದ್ದರೆ ರದ್ದಿಗೆ ಹಾಕುವ ಮೊದಲು ಒಮ್ಮೆ 144ನೇ ಪುಟ ತೆಗೆದು ನೋಡಿ. ಪತ್ತೇದಾರರು ಎಲ್ಲರನ್ನೂ ಹಜಾರಕ್ಕೆ ಕರೆಸಿದ್ದಾರೆಯೇ? ಹಾಗಾದರೆ ಮುಂದಿನ ಪುಟದಲ್ಲಿ ಯಾರ ಹೆಸರಿದೆ ಎಂದು ಒಂದು ಕಾರ್ಡು ಬರೆಯಿರಿ. ಅಮ್ಮನಿಗೆ ಒಂದು ಉತ್ತರವಾದರೂ ಸಿಗಲಿ.